ರತ್ನಾಜಿಯ ಮುಖ

ಗಂಗಾವತಿ ಸೀಮೆಯ ಹೆಣ್ಣುಮಕ್ಕಳಿಗೆ ಕುಮಾರರಾಮನ ಕತೆ ಹೊಸದಲ್ಲ. ಕುಮ್ಮಟದುರ್ಗದ ಬೆಟ್ಟದಲ್ಲಿ ಇವತ್ತಿಗೂ ಅವನಿಗೆ ಪೂಜೆ ಸಲ್ಲುತ್ತದೆ. 2006ರಲ್ಲಿ ಭಾರ್ಗವ ಅವರ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ಅಭಿನಯಿಸಿದ ‘ಗಂಡುಗಲಿ ಕುಮಾರರಾಮ’ ಬಂದಾಗ ನಮ್ಮ ಕತೆ ಪರದೆಗೆ ಬಂತೆಂಬ ಹಿಗ್ಗು ನನಗೂ ಇತ್ತು. ಹೆಸರಿನಲ್ಲೇ ಗಂಡು ಇದೆ, ಆ ಮಾತು ಬಿಡಿ. ನನ್ನ ಮನಸ್ಸಿದ್ದದ್ದು ರತ್ನಾಜಿಯ ಮೇಲೆ.

ನಂಜುಂಡ ಕವಿಯ ಸಾಂಗತ್ಯದಲ್ಲಿ ಅವಳು ಕಂಪಿಲರಾಯನ ಕಿರಿಯ ಹೆಂಡತಿ. ರಾಮ ಆಡುತ್ತಿದ್ದ ಚೆಂಡು ಅವಳ ಅರಮನೆಯೊಳಗೆ ಬೀಳುತ್ತದೆ. ತರಲು ಬಂದ ಮಲಮಗನಿಗೆ ಮನಸೋಲುತ್ತಾಳೆ. ಅವನು ಒಲ್ಲೆನೆಂದಾಗ ಗಂಡನ ಮುಂದೆ ಸುಳ್ಳು ದೂರುತ್ತಾಳೆ. ರಾಯ ಮಗನ ತಲೆ ತೆಗೆಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಡುತ್ತಾನೆ. ರಾಮನಿಲ್ಲದ ಕುಮ್ಮಟದ ಮೇಲೆ ದಿಲ್ಲಿಯ ದಂಡು ಬರುತ್ತದೆ. ಹೀಗೆ ಊರು ಹಾಳಾದ ಅಪವಾದವೂ ಅವಳ ಉಡಿಗೇ ಬಿತ್ತು.

ಇತಿಹಾಸ ಬೇರೆ ಹೇಳುತ್ತದೆ. ತುಘಲಕ್ ಸುಲ್ತಾನನ ವಿರುದ್ಧ ಬಂಡೆದ್ದು ಓಡಿಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ, ಬಿಟ್ಟುಕೊಡಲಿಲ್ಲ. ಅದಕ್ಕೇ 1327ರ ಹೊತ್ತಿಗೆ ಯುದ್ಧವಾಗಿ ರಾಜ್ಯ ಬಿತ್ತು. ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದ ಇಬ್ನ್ ಬತೂತ ತಾನು ಕೇಳಿದ್ದನ್ನು ಬರೆದಿಟ್ಟಿದ್ದಾನೆ: ಅರಮನೆಯ ಹೆಂಗಸರು ಮಿಂದು, ಗಂಧ ಪೂಸಿಕೊಂಡು, ರಾಯನ ಮುಂದೆ ನೆಲಕ್ಕೆ ಮುತ್ತಿಟ್ಟು ಒಬ್ಬೊಬ್ಬರಾಗಿ ಬೆಂಕಿಗೆ ಹಾರಿದರು. ಅವರಲ್ಲಿ ಒಬ್ಬಳ ಹೆಸರೂ ಬರವಣಿಗೆಯಲ್ಲಿಲ್ಲ. ಹೆಸರು ಉಳಿದದ್ದು ಕೆಟ್ಟವಳದು.

ಕ್ಯಾಂಪುಗಳ ದೆಸೆಯಿಂದ ಗಂಗಾವತಿಗೆ ತೆಲುಗು ಸಿನಿಮಾ ಪರಕೀಯವಲ್ಲ. 1957ರ ‘ಸಾರಂಗಧರ’ದಲ್ಲೂ ಇಂಥದೇ ಚಿತ್ರಾಂಗಿ ಇದ್ದಾಳೆ. ಆದರೆ ಅವಳು ಮಗನಿಗೆಂದು ನಂಬಿ ಬಂದು, ತಂದೆಗೆ ಹೆಂಡತಿಯಾದವಳು. ಭಾನುಮತಿ ಆ ಪಾತ್ರ ಮಾಡಿದಾಗ ಅವಳ ತಪ್ಪಿನ ಹಿಂದೆ ಒಂದು ಸಂಕಟ ಕಾಣುತ್ತದೆ. ಕತೆಯಲ್ಲಿ ಇಷ್ಟು ಜಾಗ ಸಿಕ್ಕರೆ ಸಾಕು, ನಟಿ ಉಳಿದದ್ದು ತುಂಬುತ್ತಾಳೆ.

1971ರ ‘ಶರಪಂಜರ’ ನೆನಪಿದೆಯಲ್ಲ? ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆಯವರು, ನೆರೆಯವರು ಹುಚ್ಚಿಯೆಂದೇ ನೋಡುತ್ತಾರೆ. ಪುಟ್ಟಣ್ಣನವರ ಕ್ಯಾಮೆರಾ ಮಾತ್ರ ಕಲ್ಪನಾ ಮುಖ ಬಿಟ್ಟು ಕದಲುವುದಿಲ್ಲ. ತ್ರಿವೇಣಿಯವರು ಮೊದಲೇ ಅವಳ ಒಳಗು ಬರೆದಿದ್ದರು, ಅದು ದೊಡ್ಡ ಅನುಕೂಲ. ರತ್ನಾಜಿಗೆ ತ್ರಿವೇಣಿ ಸಿಗಲಿಲ್ಲ.

ಯಾರಾದರೂ ಇನ್ನೊಮ್ಮೆ ಈ ಕತೆ ತೆಗೆದರೆ, ಕತ್ತಿ ಕುದುರೆಗಳಿಗಿಂತ ಮೊದಲು ಆ ಚೆಂಡು ಬಿದ್ದ ಅಂಗಳ ತೋರಿಸಲಿ. ಅಂಗಳದಾಚೆ ಅವಳು ಎಷ್ಟು ದಿನದಿಂದ ಹೆಜ್ಜೆ ಇಟ್ಟಿರಲಿಲ್ಲವೋ.