ರಣರಂಗದ ಮೇಷ್ಟ್ರು: ಲಯೊನೆಲ್ ವಿಗ್ರಮ್

ಎರಡನೆಯ ಮಹಾಯುದ್ಧದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಸೇನಾಧಿಪತಿಗಳ ಹೆಸರುಗಳ ಮೂಲಕ ಓದುತ್ತೇವೆ. ಆದರೆ ನಿನ್ನೆಯವರೆಗೆ ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ದುಡಿಯುತ್ತಿದ್ದ ತರುಣರನ್ನು ಕೆಲವೇ ತಿಂಗಳಲ್ಲಿ ಸೇನಾಧಿಕಾರಿಗಳನ್ನಾಗಿ ಮಾಡಿದವರು ಯಾರು? ವಿದ್ಯಾರ್ಥಿ ಮಿತ್ರರೇ, ಅಂಥ ಒಬ್ಬ ಶಿಕ್ಷಕರ ಪರಿಚಯವನ್ನು ಇಲ್ಲಿ ಮಾಡಿಕೊಳ್ಳೋಣ.

ಲಯೊನೆಲ್ ವಿಗ್ರಮ್ 1907ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹುಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಓದಿ ವಕೀಲರಾದರು. ಸೈನಿಕ ವೃತ್ತಿ ಅವರದಲ್ಲ. ಬಿಡುವಿನ ವೇಳೆಯಲ್ಲಿ ತರಬೇತಿ ಪಡೆಯುವ ಪ್ರಾದೇಶಿಕ ಸೇನೆಯ ಅಧಿಕಾರಿಯಾಗಿದ್ದರು, ಅಷ್ಟೆ. 1940ರಲ್ಲಿ ಡಂಕರ್ಕ್ ಕಡಲತೀರದಿಂದ ಸುಮಾರು 3,38,000 ಸೈನಿಕರನ್ನು ಹಡಗುಗಳಲ್ಲಿ ಪಾರುಮಾಡಿ ತಂದಾಗ ಬ್ರಿಟನ್ನಿಗೆ ಒಂದು ಕಹಿಸತ್ಯ ಅರಿವಾಯಿತು. ಅದರ ಪದಾತಿಗಳಿಗೆ ಸಾಲಾಗಿ ಕವಾಯತು ಮಾಡಲು ಗೊತ್ತಿತ್ತು, ಗುಂಡಿನ ಮಳೆಯಲ್ಲಿ ಮುಂದುವರಿಯುವ ಕ್ರಮ ಗೊತ್ತಿರಲಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರವೇ 'ಬ್ಯಾಟಲ್ ಡ್ರಿಲ್'. ತತ್ತ್ವ ಸರಳವಾದುದು. ಸುಮಾರು 10 ಜನರ ಗುಂಪನ್ನು ಎರಡಾಗಿ ವಿಂಗಡಿಸಿ. ಒಂದು ಭಾಗ ಬ್ರೆನ್ ಗನ್ನಿನಿಂದ ಗುಂಡು ಹಾರಿಸುತ್ತ ಶತ್ರು ತಲೆಯೆತ್ತದಂತೆ ತಡೆಯಬೇಕು. ಆ ಹೊತ್ತಿನಲ್ಲಿ ಇನ್ನೊಂದು ಭಾಗ ಪಕ್ಕದಿಂದ ಬಳಸಿ ಹೋಗಿ ಆಕ್ರಮಿಸಬೇಕು. ಇದನ್ನು ಮೊದಲು ಮೈದಾನದಲ್ಲಿ ಹೆಜ್ಜೆ ಹೆಜ್ಜೆಯಾಗಿ, ಮಗ್ಗಿ ಕಲಿಸುವಂತೆ ಕಲಿಸಬೇಕು. ಬಳಿಕ ಕೆಸರು, ಪೊದೆ, ಹಳ್ಳಗಳಲ್ಲಿ, ಕಡೆಗೆ ನಿಜವಾದ ಗುಂಡುಗಳ ನಡುವೆ ಅಭ್ಯಾಸ ಮಾಡಿಸಬೇಕು. ಭಯ ಮುಸುಕಿ ಬುದ್ಧಿ ಮಂಕಾದಾಗಲೂ ಮೈಗೂಡಿದ ಅಭ್ಯಾಸ ಕೈಬಿಡದು ಎಂಬುದು ಇದರ ಹಿಂದಿನ ತರ್ಕ.

1941ರಲ್ಲಿ 47ನೇ ಲಂಡನ್ ಡಿವಿಷನ್ನಿಗಾಗಿ ಸಸೆಕ್ಸ್‌ನ ಚೆಲ್‌ವುಡ್ ಗೇಟ್‌ನಲ್ಲಿ ವಿಗ್ರಮ್ ಇಂಥದೊಂದು ಶಾಲೆ ನಡೆಸಿದರು. ಇದನ್ನು ಮೆಚ್ಚಿದ, ಬ್ರಿಟನ್ನಿನೊಳಗಿನ ಪಡೆಗಳ (ಹೋಮ್ ಫೋರ್ಸಸ್) ಮುಖ್ಯಸ್ಥ ಜನರಲ್ ಪೇಜೆಟ್ ಆ ಪಡೆಗಳಿಗೆಲ್ಲ ಅದನ್ನು ವಿಸ್ತರಿಸಿದರು. ಬಾರ್ನಾರ್ಡ್ ಕ್ಯಾಸಲ್‌ನಲ್ಲಿ ಸ್ಥಾಪನೆಯಾದ ಶಾಲೆಗೆ ವಿಗ್ರಮ್ ಮುಖ್ಯ ಬೋಧಕರಾದರು. ಅತಿರೇಕಗಳೂ ನಡೆದವು. ದ್ವೇಷ ಕೆರಳಿಸಲೆಂದು ಕೆಲವು ಶಾಲೆಗಳು ತರುಣರನ್ನು ಕಸಾಯಿಖಾನೆಗೆ ಕರೆದೊಯ್ದವು. 1942ರಲ್ಲಿ ಪೇಜೆಟ್ ಅದನ್ನು ನಿಲ್ಲಿಸಿದರು.

ಸಿದ್ಧಾಂತವಾಯಿತು, ಪರೀಕ್ಷೆ? 1943ರಲ್ಲಿ ವಿಗ್ರಮ್ ತಮ್ಮ ಪಾಠ ನಿಜವಾದ ಯುದ್ಧದಲ್ಲಿ ಹೇಗೆ ನಡೆಯುತ್ತಿದೆಯೆಂದು ನೋಡಲು ಸಿಸಿಲಿ ದ್ವೀಪಕ್ಕೆ ಹೋದರು. ಕಂಡದ್ದನ್ನು ಆಗಸ್ಟ್ ತಿಂಗಳಲ್ಲಿ ಬರೆದಿಟ್ಟರು. 22 ಜನರ ಪ್ಲಟೂನಿನಲ್ಲಿ ಎಲ್ಲಿಗಾದರೂ ನುಗ್ಗುವ ಗಟ್ಟಿಗರು 6 ಮಂದಿ. ಒಳ್ಳೆಯ ನಾಯಕನಿದ್ದರೆ ಹಿಂಬಾಲಿಸುವವರು 12. ಉಳಿದ ಕೆಲವರು ಓಡಿಹೋಗುವವರು. ಕಲಿಸಿದ ಡ್ರಿಲ್ಲನ್ನು ಹಲವೆಡೆ ಯಾರೂ ಬಳಸುತ್ತಿರಲಿಲ್ಲ. ತುಕಡಿಗಳನ್ನು ಈ ವಾಸ್ತವಕ್ಕೆ ತಕ್ಕಂತೆ ಮರುವಿಂಗಡಿಸಬೇಕೆಂದು ಅವರು ಸೂಚಿಸಿದರು.

ವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತ ಮಾರ್ಗ. ಪ್ರಯೋಗದ ಫಲ ಊಹೆಗೆ ಹೊಂದದಿದ್ದರೆ ಫಲವನ್ನು ಅಳಿಸಬಾರದು, ಊಹೆಯನ್ನು ತಿದ್ದಬೇಕು. ಆದರೆ ಸೈನ್ಯ ಪ್ರಯೋಗಶಾಲೆಯಲ್ಲ. ಗೆಲುವಿನ ಹೊತ್ತಿನಲ್ಲಿ ಸೈನಿಕರ ಧೈರ್ಯವನ್ನು ಹೀಗೆ ಲೆಕ್ಕ ಹಾಕಿದ್ದು ಜನರಲ್ ಮಾಂಟ್ಗೊಮರಿಗೆ ರುಚಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ವಿಗ್ರಮ್ ಮತ್ತೆ ಮೇಜರ್ ಆದರು.

ಅವರು ಮುನಿದು ಕೂರಲಿಲ್ಲ. ಇಟಲಿಯ ಅಬ್ರುಝೊ ಬೆಟ್ಟಗಳಲ್ಲಿ, ತಮ್ಮಂತೆಯೇ ವಕೀಲರಾಗಿದ್ದ ಎತ್ತೊರೆ ತ್ರೊಯಿಲೊ ಕಟ್ಟಿದ ಸ್ಥಳೀಯ ಸ್ವಯಂಸೇವಕರನ್ನು ಸೇರಿಸಿಕೊಂಡು 'ವಿಗ್‌ಫೋರ್ಸ್' ಎಂಬ ಪಡೆಯನ್ನು ಮುನ್ನಡೆಸಿದರು. ಆಗ ಬ್ರಿಟಿಷ್ ಅಧಿಕಾರಿಗಳಲ್ಲಿ ಅನೇಕರು ಇಟಲಿಯವರಿಗೆ ಬಂದೂಕು ಕೊಡಲು ಅನುಮಾನಿಸುತ್ತಿದ್ದರು, ವಿಗ್ರಮ್ ನಂಬಿದರು. 1944ರ ಫೆಬ್ರವರಿ 3ರಂದು ಪಿಜ್ಜೊಫೆರ್ರಾತೊ ಎಂಬ ಬೆಟ್ಟದೂರಿನ ಮೇಲೆ ನಡೆಸಿದ ದಾಳಿಯಲ್ಲಿ, ಮುಂಚೂಣಿಯಲ್ಲಿದ್ದ ಅವರು ಗುಂಡೇಟಿಗೆ ಬಲಿಯಾದರು. ಅವರು ನಂಬಿದ ಪಡೆ ಚದುರಲಿಲ್ಲ. 'ಮಾಯೆಲ್ಲಾ ಬ್ರಿಗೇಡ್' ಎಂದು ಹೆಸರಾಗಿ ಮುಂದೆ ಇಟಲಿಯ ಶೌರ್ಯದ ಚಿನ್ನದ ಪದಕ ಪಡೆಯಿತು.

ದೂರದರ್ಶನದವರಾದ ನಮಗೆ ಇನ್ನೊಂದು ಸಂಗತಿ ಕುತೂಹಲಕರ. ಶಾಲೆಯಲ್ಲಿ ವಿಗ್ರಮ್‌ರ ಜೊತೆಗಾರರಾಗಿದ್ದ ಡೆನಿಸ್ ಫೋರ್‌ಮನ್ 1944ರಲ್ಲಿ ಕಸ್ಸೀನೊ ಬಳಿ ಒಂದು ಕಾಲು ಕಳೆದುಕೊಂಡರು. ಮುಂದೆ ಅವರು ಬ್ರಿಟನ್ನಿನ ಗ್ರನಾಡಾ ಟೆಲಿವಿಷನ್ನಿನ ಅಧ್ಯಕ್ಷರಾದರು. ಭಾರತದ ಕಥೆ ಹೇಳಿದ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿ 1984ರಲ್ಲಿ ಅದೇ ಸಂಸ್ಥೆಯಿಂದ ಪ್ರಸಾರವಾಯಿತು. 1991ರಲ್ಲಿ ತಮ್ಮ ಯುದ್ಧದ ನೆನಪುಗಳನ್ನು ಪ್ರಕಟಿಸಿ, ಮರೆತುಹೋಗಿದ್ದ ವಿಗ್ರಮ್‌ರನ್ನು ಓದುಗರ ಮುಂದೆ ನಿಲ್ಲಿಸಿದವರೂ ಫೋರ್‌ಮನ್ನರೇ.

ಧೈರ್ಯವೆಂದರೆ ಗುಂಡಿಗೆ ಎದೆಯೊಡ್ಡುವುದು ಮಾತ್ರವೇ, ಅಥವಾ ಮೇಲಿನವರಿಗೆ ಹಿತವಲ್ಲದ ಲೆಕ್ಕವನ್ನು ಬರೆದು ಸಹಿ ಹಾಕುವುದೂ ಹೌದೇ? ನಿಮ್ಮ ತರಗತಿಯಲ್ಲಿ ಚರ್ಚಿಸಿ ನೋಡಿ.