ಜಾನ್ಸನ್ನನ ಗೆಳೆಯನ ವೈದ್ಯಕೋಶ

ಇಂಗ್ಲಿಷ್ ನಿಘಂಟೆಂದೊಡನೆ ನಮಗೆ ನೆನಪಾಗುವವನು ಜಾನ್ಸನ್. ಆತನ ನಿಘಂಟು ಹೊರಬಂದದ್ದು 1755ರಲ್ಲಿ. ಅದಕ್ಕೂ ಮೊದಲೇ ಅವನು ಮತ್ತೊಂದು ಕೋಶಕ್ಕೆ ಕೈಜೋಡಿಸಿದ್ದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಲಿಚ್‌ಫೀಲ್ಡಿನ ಶಾಲೆಯಲ್ಲಿ ಅವನೊಡನೆ ಓದಿದ ವೈದ್ಯ ರಾಬರ್ಟ್ ಜೇಮ್ಸ್ 1743ರಿಂದ 1745ರವರೆಗೆ ಮೂರು ಭಾರೀ ಸಂಪುಟಗಳಲ್ಲಿ ವೈದ್ಯಕೀಯ ನಿಘಂಟೊಂದನ್ನು ಹೊರತಂದ. ಡಾಕ್ಟರ್ ಮೀಡನಿಗೆ ಸಲ್ಲಿಸಿದ ಅದರ ಅರ್ಪಣೆಯನ್ನು ಬರೆದುಕೊಟ್ಟವನು ಜಾನ್ಸನ್ನೇ. ಅದನ್ನು ಫ್ರೆಂಚಿಗೆ ತಂದವರಲ್ಲಿ ದಿದೆರೋ ಒಬ್ಬ. ವಿಶ್ವಕೋಶದ ಮಹಾಕಾರ್ಯಕ್ಕೆ ಮುನ್ನ ಅವನಿಗೆ ದೊರೆತ ಸಾಧನೆ ಇದು.

ಆದರೆ ಜೇಮ್ಸನ ಹೆಸರು ಮನೆಮಾತಾದದ್ದು ಕೋಶದಿಂದಲ್ಲ, ಆಂಟಿಮನಿ ಬೆರೆತ ಜ್ವರದ ಪುಡಿಯಿಂದ. ಔಷಧಗಳ ಗುಣವನ್ನು ಅಕ್ಷರಕ್ರಮದಲ್ಲಿ ಲೋಕಕ್ಕೆ ಬಿಡಿಸಿ ಹೇಳಿದ ಪುಣ್ಯಾತ್ಮ ತನ್ನ ಪುಡಿಯ ಪಾಕವನ್ನು ಮಾತ್ರ ಮುಚ್ಚಿಟ್ಟ! ಪೇಟೆಂಟಿಗೆ ಸಲ್ಲಿಸಿದ ವಿವರದಂತೆ ಮಾಡಿದರೆ ಆ ಪುಡಿಯೇ ಬಾರದೆಂದು ರಸಾಯನಜ್ಞರು ಆಮೇಲೆ ಕಂಡುಕೊಂಡರು. 1774ರಲ್ಲಿ ಜ್ವರ ಬಂದ ಕವಿ ಗೋಲ್ಡ್‌ಸ್ಮಿತ್, ಔಷಧಿಕಾರ ಹಾಸ್ ಬೇಡವೆಂದರೂ ಹಟಹಿಡಿದು ಅದನ್ನೇ ನುಂಗಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಕೊಂದದ್ದು ಪುಡಿಯೋ ರೋಗವೋ, ಇಂದು ನಿರ್ಣಯಿಸುವುದು ಕಷ್ಟ. ಹಾಸ್ ಆ ವರ್ಷವೇ ಹೊತ್ತಗೆಯೊಂದನ್ನು ಅಚ್ಚುಹಾಕಿಸಿ ನಡೆದುದನ್ನು ಜನರ ಮುಂದಿಟ್ಟ. ಪುಡಿಯ ವ್ಯಾಪಾರ ನಿಲ್ಲಲಿಲ್ಲ.