ಎಂಜಿಬಿ ಕಾರಿನ ಹಸಿರು ತಂತಿ
ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಸ್ಪೋರ್ಟ್ಸ್ ಕಾರಿನ ವಿದ್ಯುತ್ ವ್ಯವಸ್ಥೆ ಇಂದಿನ ವಾಹನಗಳದ್ದಕ್ಕಿಂತ ಎಷ್ಟೋ ಸರಳವಾಗಿದ್ದು, ಅದರ ಸಣ್ಣಪುಟ್ಟ ದೋಷಗಳನ್ನು ಮಾಲೀಕರೇ ಸರಿಪಡಿಸಿಕೊಳ್ಳುವುದಕ್ಕೆ ಆ ಸರಳತೆಯೇ ಅನುವು ಮಾಡಿಕೊಟ್ಟಿತು. ಆರಂಭದ ಕಾರುಗಳಲ್ಲಿ ಆಸನಗಳ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಧನಧ್ರುವವನ್ನು ಕಾರಿನ ಲೋಹದ ಮೈಗೆ ಸೇರಿಸಲಾಗುತ್ತಿತ್ತು. ಹೀಗೆ ವಿದ್ಯುತ್ತು ಮರಳುವ ದಾರಿಯಾಗಿ ಮೈಯನ್ನೇ ಬಳಸುವ ಏರ್ಪಾಡಿಗೆ ಅರ್ತಿಂಗ್ ಎನ್ನುತ್ತಾರೆ. 1967ರ ಕೊನೆಗೆ ಡೈನಮೋ ಹೋಗಿ ಆಲ್ಟರ್ನೇಟರ್ ಬಂದಾಗ ಮೈಗೆ ಸೇರಿಸುವಲ್ಲಿ ಧನಧ್ರುವದ ಸ್ಥಾನಕ್ಕೆ ಋಣಧ್ರುವವು ಬಂದುದರಿಂದ, ದುರಸ್ತಿಗೆ ಕೈಹಾಕುವವರು ಕಾರು ಯಾವ ಕಾಲದ್ದೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಬ್ರಿಟಿಷ್ ತಯಾರಕರು ಅನುಸರಿಸಿದ ತಂತಿಗಳ ಬಣ್ಣದ ಸಂಕೇತವು ನಿಜಕ್ಕೂ ಮೆಚ್ಚತಕ್ಕದ್ದು. ಕಂದು ತಂತಿಯಲ್ಲಿ ಬ್ಯಾಟರಿಯ ಪ್ರವಾಹ ಸದಾ ಇರುತ್ತದೆ, ಬಿಳಿಯದರಲ್ಲಿ ಇಗ್ನಿಷನ್ ಕೀಲಿ ತಿರುಗಿಸಿದಾಗ ಮಾತ್ರ ಹರಿಯುತ್ತದೆ, ಹಸಿರು ತಂತಿಯು ಅದೇ ಪ್ರವಾಹವನ್ನು ಫ್ಯೂಸಿನ ಮೂಲಕ ಪಡೆದು ಮುಂದಕ್ಕೆ ಒಯ್ಯುತ್ತದೆ, ಕಪ್ಪು ತಂತಿ ಅರ್ತಿಂಗಿನದು. ಆದಕಾರಣ ಇಂಡಿಕೇಟರ್, ಬ್ರೇಕ್ ದೀಪ, ಇಂಧನಮಾಪಕ ಇವು ಒಟ್ಟಿಗೇ ನಿಂತುಹೋದರೆ, ಅವೆಲ್ಲಕ್ಕೂ ಮೂಲವಾದ ಹಸಿರು ತಂತಿಯ ಫ್ಯೂಸನ್ನೇ ಮೊದಲು ಪರೀಕ್ಷಿಸುವುದು ರೂಢಿ. ಅನೇಕ ಸಲ ಫ್ಯೂಸು ಸುಟ್ಟಿರುವುದಿಲ್ಲ. ಅದನ್ನು ಹಿಡಿದಿಡುವ ಲೋಹದ ಪಟ್ಟಿಗಳ ಮೇಲೆ ಕಿಲುಬು ಕಟ್ಟಿರುತ್ತದೆ, ಮತ್ತು ಬ್ಯಾಟರಿಯ ಸಂಪರ್ಕ ತಪ್ಪಿಸಿ ಅವನ್ನು ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿದರೆ ದೋಷ ಪರಿಹಾರವಾಗುತ್ತದೆ.